ಅಕ್ಕ ಓದಲಿ ಎಂದು ಬರೆದದ್ದು

ಕವರು ಕೈಗೆ ಬಂದಾಗ ಸುಗುಣಾಗೆ ನಗು ಬಂತು. ಐವತ್ತೊಂದು ತುಂಬಿದವಳಿಗೆ ಯಾರಾದರೂ ಪ್ರೋಗ್ರೆಸ್ ಕಾರ್ಡು ಕೊಡುತ್ತಾರೆಯೇ!

ಚೆನ್ನೈನ ಶೋಳಿಂಗನಲ್ಲೂರಿನ ಐಟಿ ಪಾರ್ಕೊಂದರ ಒಂಬತ್ತನೆಯ ಮಹಡಿಯಲ್ಲಿ ಅವರೆಲ್ಲ ಕೂತಿದ್ದರು. ಸೇವಾಸಂಸ್ಥೆ ನಡೆಸುವವರಿಗೆ ನಾಯಕತ್ವ ಕಲಿಸುವ ‘ದೀಪಸ್ತಂಭ ಫೆಲೋಶಿಪ್’ ಶುರುವಾಗಿ ಅದು ಐದನೆಯ ತಿಂಗಳು. ಹದಿನಾರು ಮಂದಿ ಫೆಲೋಗಳು, ಒಬ್ಬೊಬ್ಬರ ಮುಂದೆಯೂ ಒಂದು ನೀಲಿ ಕವರು. ಅದರೊಳಗೆ ಅವರವರ ಸಂಸ್ಥೆಯ ಕೆಲಸಗಾರರು ಹೆಸರು ಹಾಕದೆ ಬರೆದುಕೊಟ್ಟ ಮಾತುಗಳು. ನಮ್ಮ ಮುಖ್ಯಸ್ಥರು ಎಂಥವರು, ಅವರ ಕೈಕೆಳಗೆ ಕೆಲಸ ಮಾಡುವುದೆಂದರೆ ಹೇಗಿರುತ್ತದೆ, ಎಲ್ಲ.

ಫೆಲೋಶಿಪ್‌ನ ನಿರ್ದೇಶಕ ಶ್ರೀಕಾಂತ್ ಎಲ್ಲರಿಗೂ ಇಂಗ್ಲಿಷಿನಲ್ಲಿ ವಿವರಿಸಿ, ಆಮೇಲೆ ಸುಗುಣಾಳ ಮೇಜಿನ ಬಳಿಗೆ ಬಂದ. ಬೆಂಗಳೂರಿನವನು, ಅವಳು ಕನ್ನಡದವಳು ಎಂದು ತಿಳಿದ ಮೇಲೆ ಅವಳ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದ. “ನಿಧಾನವಾಗಿ ಓದಿ ಮೇಡಂ. ಮೊದಲು ಸಿಟ್ಟು ಬರುತ್ತೆ, ಬರಲಿ. ಇದು ನಿಮ್ಮ ನಮ್ಮ ಮಧ್ಯೆ ಮಾತ್ರ. ಈ ರೂಮಿಂದ ಆಚೆ ಹೋಗಲ್ಲ.”

ಸುಗುಣಾ ಓದಿದಳು. ಹದಿನಾಲ್ಕು ವಾಕ್ಯಗಳಿದ್ದವು. ಅಕ್ಕ ಇಲ್ಲದಿದ್ದರೆ ಈ ಸಂಸ್ಥೆಯೇ ಇಲ್ಲ ಎಂದಿತ್ತು ಮೊದಲನೆಯದು. ಅಕ್ಕ ಕೇಳುವುದಿಲ್ಲ, ಹೇಳುತ್ತಾರೆ ಎಂದಿತ್ತು ಮೂರನೆಯದು. ಅಕ್ಕ ಒಳಗೆ ಬರುವ ಮೊದಲು ಇವತ್ತು ಗಾಳಿ ಯಾವ ಕಡೆ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ ಎಂದು ಇನ್ನೊಂದು. ಅಲ್ಲಿಯವರೆಗೂ ಅವಳ ಮುಖದ ಮೇಲೆ ಸ್ವಲ್ಪ ನಗು ಉಳಿದಿತ್ತು. ಒಂಬತ್ತನೆಯ ವಾಕ್ಯಕ್ಕೆ ಬಂದಾಗ ಅದು ಹೋಯಿತು.

‘ಊರ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಈ ಸಂಸ್ಥೆಯಲ್ಲಿ, ಕೆಲಸ ಮಾಡುವವರ ಮಕ್ಕಳು ಮಾತ್ರ ಕಾಯಿಲೆ ಬೀಳಬಾರದು.’

ಬರೆದವರ ಹೆಸರು ಬೇಕಾಗಿರಲಿಲ್ಲ. ಕಳೆದ ನವೆಂಬರಿನಲ್ಲಿ ತನ್ನ ಕೈಕೆಳಗೆ ಕೆಲಸ ಮಾಡುವ ಪಾವನಾಳ ಐದು ವರ್ಷದ ಮಗಳು ಪ್ರಣಮ್ಯಾ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ಅದೇ ವಾರ ಸರ್ಕಾರದ ಇನ್‌ಸ್ಪೆಕ್ಟರು ಸಂಸ್ಥೆಯ ಎಣ್ಣೂರಿನ ಶಿಶುಕೇಂದ್ರಕ್ಕೆ ಬರುವವರಿದ್ದರು. ಸುಗುಣಾ ಒಂದೇ ಮಧ್ಯಾಹ್ನ ನಾಲ್ಕು ಸಲ ಫೋನು ಮಾಡಿ ಫೈಲು ಎಲ್ಲಿಟ್ಟಿದ್ದೀ, ಬೀರುವಿನ ಬೀಗದ ಕೈ ಯಾರ ಹತ್ತಿರ ಉಂಟು ಎಂದು ಕೇಳಿದ್ದಳು. ಮಗು ಹೇಗಿದೆ ಎಂದು ಕೇಳಿದ್ದಳೋ ಇಲ್ಲವೋ, ಈಗ ನೆನಪಿಸಿಕೊಳ್ಳಲು ಹೊರಟರೆ ನೆನಪಾಗುತ್ತಿಲ್ಲ. ನೆನಪಾಗದಿದ್ದುದೇ ಅವಳ ಸಿಟ್ಟಿಗೆ ತುಪ್ಪ ಸುರಿಯಿತು.

ಇಪ್ಪತ್ತೆರಡು ವರ್ಷ! ಅವಳ ತಂದೆ ಸದಾನಂದ ರಾಯರು ಉಡುಪಿ ಕಡೆಯಿಂದ ಬಂದು ರಾಯಪುರಂನಲ್ಲಿ ಹೋಟೆಲಿಟ್ಟವರು. ನಸುಕಿನಲ್ಲಿ ಬಂದರಿನ ಹರಾಜಿನಲ್ಲಿ ಮೀನು ಕೊಳ್ಳಲು ಹೋಗುವ ಹೆಂಗಸರು ಕೈಕೂಸುಗಳನ್ನು ಬಿಡಲು ಜಾಗವಿಲ್ಲದೆ ಹೋಟೆಲಿನ ಹಿಂಬದಿಯಲ್ಲಿ ಮಲಗಿಸಿ ಹೋಗುತ್ತಿದ್ದರು. ಇಡ್ಲಿ ಒಲೆಯ ಬಿಸಿಗೆ ಮಕ್ಕಳು ಬೆಚ್ಚಗೆ ಮಲಗುತ್ತಿದ್ದವು. ಸಸ್ಯಾಹಾರಿ ಹೋಟೆಲಿನ ಹಿತ್ತಲಲ್ಲಿ ಮೀನಿನ ವಾಸನೆ ಎಂದು ಗಿರಾಕಿಗಳು ಗೊಣಗಿದಾಗ ರಾಯರು ಮಕ್ಕಳನ್ನು ಓಡಿಸಲು ಹೊರಟರು. ಮದುವೆ ಮುರಿದುಕೊಂಡು ತವರಿಗೆ ಬಂದಿದ್ದ ಸುಗುಣಾ ಅಡ್ಡ ನಿಂತಳು. ಅಂಜಲೈ ಎಂಬ ಮೀನುಗಾರ್ತಿಯ ಮಗುವೇ ಮೊದಲನೆಯದು. ಹಾಗೆ ಹುಟ್ಟಿದ್ದು ‘ಕರೈ’. ತಮಿಳಿನಲ್ಲಿ ಹಾಗೆಂದರೆ ದಡ. ಈಗ ರಾಯಪುರಂನಲ್ಲಿ ಮೂರು, ಎಣ್ಣೂರಿನಲ್ಲಿ ನಾಲ್ಕು ಶಿಶುಕೇಂದ್ರ. ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ತೆರೆಯುವ ಶಿಶುಕೇಂದ್ರಗಳು. ಆ ಹೊತ್ತಿಗೆ ತೆರೆಯದಿದ್ದರೆ ಮೀನು ಮಾರುವವರಿಗೆ ಅವು ಇದ್ದೂ ಇಲ್ಲದ ಹಾಗೆ.

ಅಷ್ಟೆಲ್ಲ ಮಾಡಿದವಳಿಗೆ ಇದು ಬಹುಮಾನ ಎಂದುಕೊಂಡಳು ಸುಗುಣಾ. ಪಾವನಾ ಮಂಡ್ಯ ಕಡೆಯ ಹುಡುಗಿ. ಗಂಡನ ಕೆಲಸಕ್ಕೆಂದು ಚೆನ್ನೈಗೆ ಬಂದು, ಒಳ್ಳೆಯ ಓದು ಓದಿ ಮನೆಯಲ್ಲಿ ಕೂತಿದ್ದವಳನ್ನು ಆರು ವರ್ಷದ ಹಿಂದೆ ಸುಗುಣಾಳೇ ಕರೆತಂದು ಎಣ್ಣೂರಿನ ಉಸ್ತುವಾರಿ ಕೊಟ್ಟಿದ್ದಳು. ತಮಿಳು ಕಲಿಸಿದ್ದಳು. ಹಬ್ಬಕ್ಕೆ ಮನೆಗೆ ಕರೆದು ಊಟ ಹಾಕಿದ್ದಳು. ಅವಳೇ ಚೂರಿ ಹಾಕಿದಳಲ್ಲ!

ಮರುದಿನ ಅವಳು ಪಾವನಾಳನ್ನು ಎಲ್ಲರೆದುರು “ಪಾವನಾ ಅವರೇ” ಎಂದು ಕರೆದಳು. ಆಫೀಸು ತಣ್ಣಗಾಯಿತು. ಎಣ್ಣೂರಿನ ಕೆಲಸದ ಪಾಳಿ ಹಾಕುವುದನ್ನು ಪಾವನಾಳ ಕೈಯಿಂದ ಕಿತ್ತುಕೊಂಡಳು. “ನೀವು ಬಿಝಿ ಅಲ್ವಾ, ಮನೆ, ಮಗು ಅಂತ ನೂರು ಉಂಟು. ಇನ್ನು ನಾನೇ ನೋಡ್ತೇನೆ.” ಪಾವನಾ ತಲೆಯೆತ್ತಿ ಒಮ್ಮೆ ನೋಡಿ, ಪಾಳಿಯ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದಳು. ಹತ್ತು ದಿನ ಹೀಗೆಯೇ ನಡೆಯಿತು. ಸುಗುಣಾಗೆ ಅದರಲ್ಲಿ ಒಂದು ಕೆಟ್ಟ ಸುಖವೂ ಇತ್ತು.

ಹನ್ನೊಂದನೆಯ ದಿನ ಆಡಳಿತ ಮಂಡಳಿಯ ಸಭೆ. ಅಧ್ಯಕ್ಷ ನಾಗರಾಜ ಅವಳ ತಂದೆಯ ಕಾಲದಿಂದ ಪರಿಚಯದವರು, ಮಾಂಬಲದಲ್ಲಿ ದೊಡ್ಡ ಹೋಟೆಲು ಇಟ್ಟವರು. ಹೋಟೆಲಿನ ಮೇಲಿನ ಎಸಿ ರೂಮಿನಲ್ಲೇ ಯಾವಾಗಲೂ ಸಭೆ. ಐವರು ಸದಸ್ಯರು ಆಗಲೇ ಕೂತಿದ್ದರು. ಪ್ರತಿಯೊಬ್ಬರ ಮುಂದೆಯೂ ಫಿಲ್ಟರ್ ಕಾಫಿಯ ಪಕ್ಕದಲ್ಲಿ ಒಂದೊಂದು ನೀಲಿ ಕವರು.

ಸುಗುಣಾ ನಿಂತಲ್ಲೇ ನಿಂತಳು.

“ಇದು ನಿಮ್ಮ ಹತ್ತಿರ ಹೇಗೆ ಬಂತು ನಾಗರಾಜಣ್ಣ?”

“ಫೌಂಡೇಶನ್‌ನವರು ಕಳಿಸಿದ್ದು. ಕೂತ್ಕೊ ನೀನು ಮೊದಲು.”

ಕರೈಗೆ ಮೂರು ವರ್ಷದಿಂದ ಹಣ ಕೊಡುತ್ತಿದ್ದ ಪ್ರತಿಷ್ಠಾನವೇ ದೀಪಸ್ತಂಭಕ್ಕೂ ಹಣ ಕೊಡುತ್ತಿತ್ತು. ನಿಮ್ಮಂಥವರು ಬೆಳೆಯಬೇಕು ಮೇಡಂ ಎಂದು ಅವಳ ಹೆಸರನ್ನು ಫೆಲೋಶಿಪ್ಪಿಗೆ ಸೂಚಿಸಿದ್ದೂ ಅವರೇ. ಇದೆಲ್ಲ ಅವಳಿಗೆ ಗೊತ್ತಿದ್ದ ಸಂಗತಿ. ಒಂದಕ್ಕೊಂದು ಸೇರಿಸಿ ನೋಡಿರಲಿಲ್ಲ, ಅಷ್ಟೆ.

ನಾಗರಾಜ ಕನ್ನಡಕ ಏರಿಸಿ ಓದಿದರು. ಒಂಬತ್ತನೆಯ ವಾಕ್ಯವನ್ನು ಎರಡು ಸಲ ಓದಿದರು. “ಇದೆಲ್ಲ ನಾಳೆ ಪೇಪರಿಗೆ ಹೋದ್ರೆ ಎಂತ ಮಾಡುದು ಹೇಳು? ಹೆಂಗಸರ ಸಂಸ್ಥೆ, ಹೆಂಗಸರಿಗೇ ರಜೆ ಕೊಡುದಿಲ್ಲ ಅಂತ. ಫೌಂಡೇಶನ್‌ನವರು ಒಳ್ಳೆ ಮಾತಲ್ಲೇ ಹೇಳಿದ್ದಾರೆ. ನೀನು ಸಂಸ್ಥಾಪಕಿ ಅಂತ ಗೌರವದಲ್ಲಿ ಇರು. ನಡೆಸ್ಲಿಕ್ಕೆ ಅವರೇ ಒಬ್ಬರನ್ನು ಕೊಡ್ತಾರೆ. ಓದಿದವರು. ಕೇಂದ್ರ ಎಲ್ಲ ಬೆಳಿಗ್ಗೆ ಎಂಟೂವರೆಗೆ ತೆರೆದ್ರೆ ಸಾಕು, ನಾಲ್ಕಕ್ಕೆ ಯಾಕೆ, ಬೇರೆ ಎಲ್ಲೂ ಹಾಗಿಲ್ಲ ಅಂತ ಅವರದ್ದು ಒಂದು ಪ್ಲಾನ್ ಉಂಟು.”

“ಎಂಟೂವರೆಗೆ ಮೀನು ಹರಾಜು ಮುಗಿದು, ಮಾರಿ, ಬುಟ್ಟಿ ತೊಳೆದು ಆಗಿರ್ತದೆ!” ಸುಗುಣಾಳ ದನಿ ಕೆಳಗಿನ ಹೋಟೆಲಿಗೂ ಕೇಳಿಸಿರಬೇಕು. “ಯಾರ ಮಕ್ಕಳಿಗೆ ಮತ್ತೆ ಆ ಕೇಂದ್ರ? ನಿಮ್ಮ ಮೊಮ್ಮಕ್ಕಳಿಗಾ?”

ನಾಗರಾಜ ಉಳಿದವರ ಮುಖ ನೋಡಿದರು. ಒಬ್ಬರು ಕವರಿನ ಮೇಲೆ ಮೆಲ್ಲಗೆ ಬೆರಳಿಂದ ತಟ್ಟಿದರು, ನೋಡಿದಿರಾ ಎನ್ನುವ ಹಾಗೆ. ಆ ತಟ್ಟುವಿಕೆಯಲ್ಲಿ ಸುಗುಣಾಗೆ ಎಲ್ಲ ಅರ್ಥವಾಯಿತು. ಇನ್ನು ತಾನು ಎಷ್ಟು ಕೂಗಿದರೂ ಅದು ಆ ಕವರಿನೊಳಗಿನ ಮಾತಿಗೆ ಸಾಕ್ಷಿ. ಕಾಫಿ ಮುಟ್ಟದೆ ಎದ್ದು ಬಂದಳು. ತೀರ್ಮಾನ ಮುಂದಿನ ತಿಂಗಳ ಸಭೆಗೆ ಎಂದಾಯಿತು.

ಮರುದಿನ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಶೋಳಿಂಗನಲ್ಲೂರಿಗೆ ಹೋದಳು. ಶ್ರೀಕಾಂತ್ ಅವಳನ್ನು ಮೆತ್ತನೆಯ ಕುರ್ಚಿಗಳ ಸಣ್ಣ ಕೋಣೆಗೆ ಕರೆದೊಯ್ದು ನೀರು ತರಿಸಿದ.

“ಈ ರೂಮಿಂದ ಆಚೆ ಹೋಗಲ್ಲ ಅಂದದ್ದು ಯಾರು?”

“ಮೇಡಂ, ನೀವು ಸೈನ್ ಮಾಡಿದ ಒಪ್ಪಂದದ ಹನ್ನೊಂದನೇ ಪುಟ ನೋಡಿ. ಪಾಲುದಾರ ಸಂಸ್ಥೆಗಳ ಜೊತೆ ಕಲಿಕೆಯನ್ನ ಹಂಚಿಕೊಳ್ಳಬಹುದು ಅಂತ ಇದೆ. ಎಲ್ಲ ಫೆಲೋಗಳಿಗೂ ಅದೇ.”

“ನಾನು ಸಹಿ ಹಾಕಿದ್ದು ಸರಿ. ನನ್ನ ಹುಡುಗಿಯರು ಹಾಕಿದ್ದಾರಾ? ಅವರಿಗೆ ಕಳಿಸಿದ ಫಾರಮಿನ ಮೇಲೆ ಎಂತ ಬರೆದಿದ್ರಿ? ನಿಮ್ಮ ಮಾತನ್ನು ನಿಮ್ಮ ಮುಖ್ಯಸ್ಥರು ಬಿಟ್ಟು ಯಾರೂ ನೋಡುದಿಲ್ಲ ಅಂತ ಇರ್ಲಿಲ್ವಾ? ನಾನೇ ಅದನ್ನು ನಮ್ಮ ಅಡುಗೆಯ ಅಂಜಲೈಗೆ ತಮಿಳಲ್ಲಿ ಓದಿ ಹೇಳಿದ್ದು. ಅವಳಿಗೆ ಬರೀಲಿಕ್ಕೆ ಬರುದಿಲ್ಲ, ಪಾವನಾ ಹತ್ತಿರ ಬರೆಸಿ ಹೆಬ್ಬೆಟ್ಟು ಒತ್ತಲಾ ಅಂತ ಕೇಳಿದ್ಲು, ಪಾಪ!”

ಶ್ರೀಕಾಂತ್ ನೀರಿನ ಲೋಟವನ್ನು ಅವಳತ್ತ ಸರಿಸಿದ. ಆಮೇಲೆ ಕಲಿತುಕೊಂಡ ಮೃದು ದನಿಯಲ್ಲಿ ಹೇಳಿದ: “ಈಗ ನಿಮ್ಮ ಸಿಟ್ಟನ್ನ ಒಂದು ನಿಮಿಷ ಹೊರಗಿನಿಂದ ನೋಡಿ ಮೇಡಂ. ರಿಪೋರ್ಟಲ್ಲಿ ಬಂದಿರೋದೂ ಇದೇ ಅಲ್ವಾ?”

ಸುಗುಣಾಗೆ ಆ ನೀರಿನ ಲೋಟವನ್ನು ಅವನ ಮುಖಕ್ಕೆ ಎರಚಬೇಕೆನಿಸಿತು. ಕೈ ಲೋಟದವರೆಗೆ ಹೋಯಿತು ಕೂಡ. ಮೋಸ ಮಾಡಿದವನು ತಣ್ಣಗೆ ಕೂತು, ಮೋಸ ಹೋದವಳು ಕೂಗಿದ್ದೇ ತಪ್ಪು ಎನ್ನುತ್ತಿದ್ದಾನೆ. ಅವಳು ಲೋಟವನ್ನೆತ್ತಿ ನೀರು ಕುಡಿದು, ಖಾಲಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

“ನನಗೆ ಸಿಟ್ಟು ಜಾಸ್ತಿ. ಅದನ್ನು ಹೇಳ್ಲಿಕ್ಕೆ ನನ್ನ ಹತ್ತಿರ ಕೆಲಸ ಮಾಡುವವರಿಗೆ ಹಕ್ಕುಂಟು. ನಿಮಗಿಲ್ಲ.”

ಅಲ್ಲಿಂದ ನೇರ ಎಣ್ಣೂರು. ನಗರದ ಆ ತುದಿಯಿಂದ ಈ ತುದಿ, ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ ಅವಳು ಶ್ರೀಕಾಂತನಿಗೆ ಬೈಯುತ್ತಲೇ ಬಂದಳು. ಆದರೆ ತಿರುವೊಟ್ಟಿಯೂರು ದಾಟಿ ಕಂಟೈನರ್ ಲಾರಿಗಳ ಸಾಲಿನಲ್ಲಿ ಬಸ್ಸು ನಿಂತಾಗ, ಒಂದು ಯೋಚನೆ ಮುಳ್ಳಿನಂತೆ ಚುಚ್ಚಿತು. ಈ ಹತ್ತು ದಿನ ಪಾವನಾಗೆ ತಾನು ಮಾಡಿದ್ದಾದರೂ ಏನು? ಗುಟ್ಟಾಗಿ ಹೇಳಿದ ಮಾತನ್ನು ಹಿಡಿದು ಹೇಳಿದವಳನ್ನೇ ಶಿಕ್ಷಿಸಿದ್ದಲ್ಲವೇ? ಆ ಯೋಚನೆ ಅವಳಿಗೆ ಇಷ್ಟವಾಗಲಿಲ್ಲ. ಕಿಟಕಿಯಾಚೆ ನೋಡಿದಳು. ವಿದ್ಯುತ್ ಸ್ಥಾವರದ ಹೊಗೆಕೊಳವೆಗಳ ಹೊರತು ನೋಡುವಂಥದ್ದೇನೂ ಇರಲಿಲ್ಲ.

ಪಾವನಾ ಕೇಂದ್ರದ ಹಿಂದೆ ಮಕ್ಕಳ ಚಾಪೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಸುಗುಣಾ ನಡೆದದ್ದೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಐದು ಕವರು, ನಾಗರಾಜ ಓದಿದ್ದು, ಎಂಟೂವರೆಯ ಪ್ಲಾನು. ಹೇಳಿ ಮುಗಿಸಿ, “ನಿನ್ನ ಮಾತು ಎಲ್ಲಿಗೆ ಹೋಗಿ ಮುಟ್ಟಿತು ನೋಡಿದ್ಯಾ?” ಎಂದಳು.

ಪಾವನಾ ಕೈಯಲ್ಲಿದ್ದ ಚಾಪೆಯನ್ನು ನೆಲಕ್ಕೆ ಬಿಸಾಡಿದಳು.

“ನನ್ನ ಮಾತಾ? ಅದು ನಿಮಗೆ ಬರ್ದಿದ್ದು ಅಕ್ಕಾ! ಆ ನಾಗರಾಜಂಗಲ್ಲ, ಫೌಂಡೇಶನ್ನೋರಿಗಲ್ಲ. ನೀವು ಓದ್ಲಿ ಅಂತ. ಎದುರಿಗೆ ನಿಂತು ಹೇಳೋಕೆ ಆರು ವರ್ಷದಲ್ಲಿ ಒಂದಿನ ಬಿಟ್ರಾ ನೀವು? ಪ್ರಣಮ್ಯಾಗೆ ಪ್ಲೇಟ್‌ಲೆಟ್ಟು ಇಳೀತಾ ಇತ್ತು. ಡಾಕ್ಟ್ರು ಬಂದು ನಿಂತವ್ರೆ, ನಿಮ್ಮ ಫೋನು. ಬೀಗದ ಕೈ ಎಲ್ಲಿ, ಬೀಗದ ಕೈ ಎಲ್ಲಿ! ಒಂದೇ ಒಂದು ಸಲ ಮಗು ಹೆಂಗೈತೆ ಅಂತ ಕೇಳಿದ್ರಾ?”

“ಕೇಳ್ಬೇಕಿತ್ತು,” ಎಂದಳು ಸುಗುಣಾ. ಅದು ಕ್ಷಮೆಯ ಹಾಗೆ ಬರಲಿಲ್ಲ, ಗದರಿದ ಹಾಗೇ ಬಂತು.

“ಓದಿ ಏನು ಮಾಡಿದ್ರಿ? ಪಾವನಾ ಅವರೇ ಅಂದ್ರಿ. ಪಾಳಿ ಬುಕ್ ಕಿತ್ಕೊಂಡ್ರಿ. ನೀವೂ ಅವ್ರೂ ಒಂದೇ ಅಕ್ಕಾ. ನಾನು ನಂಬಿ ಬರ್ದಿದ್ದನ್ನ ಇಬ್ಬರೂ ಆಯುಧ ಮಾಡ್ಕೊಂಡ್ರಿ.”

 ಸುಗುಣಾಗೆ ಸಿಟ್ಟು ಹಾಗೇ ಇತ್ತು, ಆದರೆ ಅದನ್ನು ಯಾರ ಮೇಲೆ ಎಸೆಯಬೇಕೆಂದು ತಿಳಿಯಲಿಲ್ಲ. ಬಿದ್ದಿದ್ದ ಚಾಪೆಯನ್ನು ಎತ್ತಿ ತಂತಿಯ ಮೇಲೆ ಹಾಕಿದಳು. ಅದರ ಅಂಚು ಎಳೆದು ಸರಿಮಾಡುತ್ತ, “ಮುಂದಿನ ತಿಂಗಳು ಅಲ್ಲಿ ಕೊನೆಯ ಸಭೆ. ಫೌಂಡೇಶನ್‌ನವರೂ ಇರ್ತಾರೆ. ನನಗೆ ಐದು ನಿಮಿಷ ಮಾತಾಡ್ಲಿಕ್ಕೆ ಉಂಟು. ನೀನು ಬರ್ತೀಯಾ?” ಎಂದಳು.

“ಬರ್ತೀನಿ. ನಿಮ್ಮ ಪರವಾಗಿ ಅಂತ ತಿಳ್ಕೋಬೇಡಿ. ನನ್ನ ಮಾತು ವಾಪಸ್ ಇಸ್ಕೊಳೋಕೆ ಬರ್ತೀನಿ.”

ಮಾರ್ಚಿನ ಮೊದಲ ಶನಿವಾರ ಆ ಸಭೆ. ಸಭಾಂಗಣದ ಮುಂದಿನ ಸಾಲಿನಲ್ಲಿ ಪ್ರತಿಷ್ಠಾನದವರು, ಅವರ ಹಿಂದೆ ಫೆಲೋಗಳು ಕರೆತಂದ ಅತಿಥಿಗಳು. ಒಬ್ಬೊಬ್ಬ ಫೆಲೋ ವೇದಿಕೆಗೆ ಹೋಗಿ ‘ನನ್ನ ಪಯಣ’ ಎಂದು ಐದು ನಿಮಿಷ ಹೇಳಿ ಚಪ್ಪಾಳೆ ಗಿಟ್ಟಿಸಿ ಬರುತ್ತಿದ್ದರು. ಏಳನೆಯ ಹೆಸರು ಸುಗುಣಾಳದು. ಅವಳು ಪಾವನಾಳನ್ನೂ ಕರೆದುಕೊಂಡು ವೇದಿಕೆ ಹತ್ತಿದಳು. ಶ್ರೀಕಾಂತನ ಹುಬ್ಬು ಮೇಲೇರಿತು.

ಸುಗುಣಾ ಇಂಗ್ಲಿಷಿನಲ್ಲಿ, ತನಗೆ ಬರುವ ಹೋಟೆಲು ಮನೆಯ ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಬಗ್ಗೆ ನನ್ನ ಕೆಲಸಗಾರರು ಬರೆದ ಒಂಬತ್ತನೆಯ ವಾಕ್ಯ ಇದು ಎಂದು ಅದನ್ನು ಓದಿದಳು. ಇದು ನಿಜ ಎಂದಳು. ಸಭೆಯಲ್ಲಿ ಮೆಚ್ಚುಗೆಯ ಗುಜುಗುಜು. ಇಂಥ ತಪ್ಪೊಪ್ಪಿಗೆ ಅಲ್ಲಿ ಎಲ್ಲರಿಗೂ ಇಷ್ಟ. ಕೆಲವರು ಚಪ್ಪಾಳೆಗೆ ಕೈ ಎತ್ತಿದ್ದರು. “ನನಗೆ ಮಾತ್ರ ಎಂದು ನಂಬಿಸಿ ಬರೆಸಿಕೊಂಡ ಈ ವಾಕ್ಯ, ಹನ್ನೊಂದು ದಿನದಲ್ಲಿ ನನ್ನ ಆಡಳಿತ ಮಂಡಳಿಯ ಐದು ಜನರ ಕೈಯಲ್ಲಿತ್ತು,” ಎಂದಳು ಆಗ. “ನನ್ನನ್ನು ತೆಗೆದು ಹಾಕಲು. ಉಳಿದ ಹದಿನೈದು ಮಂದಿ ಫೆಲೋಗಳು ನಿಮ್ಮ ನಿಮ್ಮ ಮಂಡಳಿಗೆ ಈಗಲೇ ಫೋನು ಮಾಡಿ ಕೇಳಿ.”

ಮೈಕು ಸತ್ತಿತು. ಯಾರು ಆರಿಸಿದರೋ ತಿಳಿಯಲಿಲ್ಲ. ಶ್ರೀಕಾಂತ್ ಎರಡೂ ಕೈ ಮುಂದೆ ಚಾಚಿ ವೇದಿಕೆಯತ್ತ ಬಂದ. ಆದರೆ ಪಾವನಾಗೆ ಮೈಕು ಬೇಕಾಗಿರಲಿಲ್ಲ. ಎಂಬತ್ತು ಮಕ್ಕಳ ಗಲಾಟೆಯ ಮೇಲೆ ಮಾತಾಡಿ ಪಳಗಿದ ಗಂಟಲು.

“ಆ ವಾಕ್ಯ ಬರೆದವಳು ನಾನು,” ಎಂದು ಅವಳೂ ಇಂಗ್ಲಿಷಿನಲ್ಲೇ ಕೂಗಿ ಹೇಳಿದಳು. “ನಾನು ಇವರ ಮೇಲೆ ಇವತ್ತಿಗೂ ಸಿಟ್ಟಾಗಿದ್ದೇನೆ. ಅದು ನನ್ನ ಸಿಟ್ಟು. ಅದನ್ನು ಕದಿಯಲು ನಿಮಗೆ ಹೇಳಿದವರು ಯಾರು?”

ನಾಲ್ಕನೆಯ ಸಾಲಿನಲ್ಲಿ ಒಬ್ಬ ಎದ್ದು ನಿಂತ. ಮನೀಶ್ ಎಂದು ಹೆಸರು, ಕುಷ್ಠ ವಾಸಿಯಾದವರಿಗೆ ಕೆಲಸ ಕಲಿಸುವ ಸಂಸ್ಥೆಯವನು, ಯಾವತ್ತೂ ಜೋರಾಗಿ ಮಾತಾಡದವನು. ಕಿವಿಗೆ ಫೋನು ಹಿಡಿದಿದ್ದ. “ನನ್ನದೂ ಹೋಗಿದೆ,” ಎಂದ. “ನನ್ನ ಸಹಾಯಕನನ್ನು ಕೆಲಸದಿಂದ ತೆಗೆಯಲು ಮಂಡಳಿಯವರು ಯಾಕೆ ಹೇಳಿದರು ಎಂದು ನನಗೆ ಈಗ ಗೊತ್ತಾಯಿತು.” ಅವನ ಬೆನ್ನಿಗೆ ಇನ್ನೊಬ್ಬಳು ಎದ್ದಳು. ಮುಂದಿನ ಸಾಲಿನವರು ಗಡಿಯಾರ ನೋಡಿಕೊಂಡು ಹೊರಗೆ ನಡೆದರು. ಊಟದ ತಟ್ಟೆಗಳು ಜೋಡಿಸಿಟ್ಟಲ್ಲೇ ಉಳಿದವು.

ಆಮೇಲೆ ಗೆದ್ದೆವು ಎನ್ನುವಂಥದ್ದೇನೂ ಆಗಲಿಲ್ಲ. ದೀಪಸ್ತಂಭದವರು ‘ಸಂವಹನದ ಕೊರತೆಗೆ ವಿಷಾದ’ ಎಂದು ನಾಲ್ಕು ಸಾಲಿನ ಪತ್ರ ಕಳಿಸಿದರು. ಆರು ಮಂದಿ ಫೆಲೋಗಳು ಸೇರಿ ಬರೆದ ದೂರಿಗೆ ಹೆದರಿ ಮಂಡಳಿ ಸುಗುಣಾಳನ್ನು ತೆಗೆಯುವ ಮಾತು ಬಿಟ್ಟಿತು. ನಾಗರಾಜ ಅಧ್ಯಕ್ಷಗಿರಿಯನ್ನು ಬಿಟ್ಟರು, ಅವಳ ಜೊತೆ ಮಾತನ್ನೂ ಬಿಟ್ಟರು. ಏಪ್ರಿಲಿನಿಂದ ಪ್ರತಿಷ್ಠಾನದ ಹಣ ನಿಂತಿತು. ಎಣ್ಣೂರಿನ ನಾಲ್ಕು ಕೇಂದ್ರಗಳಲ್ಲಿ ಒಂದನ್ನು ಮುಚ್ಚಬೇಕಾಯಿತು. ಯಾವುದನ್ನು ಮುಚ್ಚುವುದೆಂದು ನಿರ್ಧರಿಸಿದವಳು ಪಾವನಾ. ಸುಗುಣಾ ಬೇರೊಂದನ್ನು ಹೇಳಿದಳು. ಪಾವನಾ ಆಗಲ್ಲ ಎಂದಳು. ಎಣ್ಣೂರಿನ ಮಟ್ಟಿಗೆ ಪಾವನಾಳದೇ ಕೊನೆಯ ಮಾತು ಎಂದು ಆ ಹೊತ್ತಿಗೆ ಬರವಣಿಗೆಯಲ್ಲಿ ಆಗಿತ್ತು. ಪಾಳಿಯ ಪುಸ್ತಕ ವಾಪಸು ಕೊಡುವಾಗ ಪಾವನಾಳೇ ಕೇಳಿ ಬರೆಸಿಕೊಂಡದ್ದು ಅದು. ಬಾಯಿಮಾತು ಸಾಕು ಎಂದ ಸುಗುಣಾಗೆ, ಸಾಲಲ್ಲ ಎಂದಿದ್ದಳು.

ಇನ್ನೊಂದನ್ನೂ ಪಾವನಾ ಕೇಳಿದ್ದಳು. ಹದಿನಾಲ್ಕು ವಾಕ್ಯಗಳನ್ನು ಬರೆದವರು ಬರೆದದ್ದನ್ನು ಅಕ್ಕನ ಎದುರಿಗೇ ಹೇಳಬೇಕು, ಅಕ್ಕ ಉತ್ತರ ಕೊಡಬಾರದು, ಎಲ್ಲರೂ ಮುಗಿಸುವವರೆಗೆ ಕೂತು ಕೇಳಬೇಕು. ಸುಗುಣಾ ಒಪ್ಪಿದಳು. ಒಪ್ಪಿದ್ದಕ್ಕೆ ಆಮೇಲೆ ತನ್ನನ್ನು ತಾನೇ ಬೈದುಕೊಂಡಳು.

ಮೇ ತಿಂಗಳ ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಎಣ್ಣೂರಿನ ಕೇಂದ್ರದಲ್ಲಿ ಇಪ್ಪತ್ತಮೂರು ಹೆಂಗಸರು ನೆಲದ ಮೇಲೆ ಸುತ್ತ ಕೂತರು. ಮೊದಲಿಬ್ಬರು ಹೆದರಿ ಹೆದರಿ ಹೇಳಿದರು. ಮೂರನೆಯವಳು ಅಂಜಲೈ. ಮೀನು ಮಾರುವುದನ್ನು ಬಿಟ್ಟು ಈಗ ಕೇಂದ್ರದಲ್ಲಿ ಅಡುಗೆ ಮಾಡುತ್ತಿದ್ದ ಅವಳಿಗೆ ಹೆದರಿಕೆಯೆಂಬುದಿರಲಿಲ್ಲ. “ನೀ ಕತ್ತುನಾ ಕೊಳಂದೈಂಗ ಅಳುದುಂಗಕ್ಕಾ,” ಎಂದು ಶುರುಮಾಡಿದಳು. ನೀನು ಕೂಗಿದರೆ ಮಕ್ಕಳು ಅಳುತ್ತವೆ. ಅಲ್ಲಿಂದ ಹಿಡಿದು ಒಂದೊಂದೇ. ಯಾವ ವರ್ಷ, ಯಾವ ಹಬ್ಬದ ದಿನ, ಯಾರೆದುರು ಏನೆಂದು ಬೈದೆ. ಸಾಂಬಾರಿನಲ್ಲಿ ಉಪ್ಪು ಜಾಸ್ತಿಯಾಯಿತೆಂದು ಪಾತ್ರೆ ಎತ್ತಿ ಚೆಲ್ಲಿದ್ದು. ಗಂಡ ಸತ್ತ ಐದನೆಯ ದಿನ ಕೆಲಸಕ್ಕೆ ಯಾವಾಗ ಬರುತ್ತೀ ಎಂದು ಹೇಳಿ ಕಳಿಸಿದ್ದು.

ಸುಗುಣಾಳ ಕಿವಿ ಕೆಂಪಾಯಿತು. ಸಾಂಬಾರು ಹಳಸಿತ್ತು, ಉಪ್ಪಿಗಲ್ಲ ಚೆಲ್ಲಿದ್ದು! ಐದನೆಯ ದಿನ ಹೇಳಿ ಕಳಿಸಿದ್ದು ಅಕ್ಕಿಯ ಜೊತೆ! ಬಾಯಿಯವರೆಗೆ ಬಂದ ಮಾತನ್ನು ತಡೆಯಲಾರದೆ ಧಡಕ್ಕನೆ ಎದ್ದು ಹಿತ್ತಲಿಗೆ ಹೋದಳು. ಅಲ್ಲಿದ್ದ ಪ್ಲಾಸ್ಟಿಕ್ ಬಕೆಟ್ಟಿಗೆ ಕಾಲಿನಿಂದ ಒದ್ದಳು. ಅದರಲ್ಲಿ ನೀರಿತ್ತು. ಸೀರೆಯ ಅಂಚೆಲ್ಲ ಒದ್ದೆಯಾಯಿತು.  ಒಳಗಿದ್ದವರು ಅವಳು ತಿರುಗಿ ಬರುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದರು. ಸುಗುಣಾ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಮತ್ತೊಮ್ಮೆ ತೊಳೆದುಕೊಂಡಳು.

ಒಳಗೆ ಬಂದು ತನ್ನ ಜಾಗದಲ್ಲಿ ಕೂತಾಗಲೂ ಅವಳ ಉಸಿರು ಜೋರಾಗಿಯೇ ಇತ್ತು. ಪಾವನಾ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕರುಣೆಯೂ ಇರಲಿಲ್ಲ, ಗೆಲುವೂ ಇರಲಿಲ್ಲ.

“ಸೊಲ್ಲು,” ಎಂದಳು ಸುಗುಣಾ ಅಂಜಲೈಗೆ. ಹೇಳು.

ಅಂಜಲೈ ಸೆರಗಿನಿಂದ ಕತ್ತು ಒರೆಸಿಕೊಂಡು, ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದಲೇ ಮುಂದುವರಿಸಿದಳು.